ಆಕಳ ಫೋಟೋ, ಆಕಳ ರಕ್ತ

‘ಎ.ಐ. ತರಬೇತಿ, ಬೆಳಗ್ಗೆ ಹತ್ತಕ್ಕೆ, ತಪ್ಪದೇ ಬರಬೇಕು’ ಅಂತ ಫೋನಿಗೆ ಸಂದೇಶ ಬಂದಾಗ ನನಗೆ ಸಿಟ್ಟೇ ಬಂತು. ಪಶು ಆಸ್ಪತ್ರೆಯಲ್ಲಿ ದುಡಿಯುವವರಿಗೆ ಎ.ಐ. ಅಂದರೆ ಒಂದೇ ಅರ್ಥ, ಕೃತಕ ಗರ್ಭಧಾರಣೆ. ಹೋರಿಯ ವೀರ್ಯ ತುಂಬಿದ ಸಣ್ಣ ಸ್ಟ್ರಾವನ್ನು ಬೆದೆಗೆ ಬಂದ ಆಕಳಿಗೆ ಹಾಕುವುದು. ಹತ್ತೊಂಬತ್ತು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಮೊದಲು ಭಾಲ್ಕಿ ತಾಲ್ಲೂಕಿನಲ್ಲಿ, ಈಗ ಔರಾದ್ ಕಡೆ. ಊರವರು ‘ಡಾಕ್ಟರ್ ಬಾಯಿ’ ಅಂತ ಕರೆಯುತ್ತಾರೆ, ಆದರೆ ನಾನು ಡಾಕ್ಟರಲ್ಲ, ಪರಿವೀಕ್ಷಕಿ. ಇಷ್ಟು ವರ್ಷದ ಮೇಲೆ ನನಗೆ ಯಾರು ಏನು ಕಲಿಸುತ್ತಾರೆ ಅಂತ ಗೊಣಗುತ್ತ, ಗಮ್‌ಬೂಟು, ಉದ್ದ ಕೈಗವಸು ಚೀಲಕ್ಕೆ ತುರುಕಿಕೊಂಡು ಚಿದ್ರಿಯ ಮನೆಯಿಂದ ಸ್ಕೂಟಿ ಹತ್ತಿದೆ.

ಹೋಗಿ ನೋಡಿದರೆ ಬೀದರಿನ ಒಂದು ತಣ್ಣನೆಯ ಸಭಾಂಗಣ. ಆಕಳೂ ಇಲ್ಲ, ಸಗಣಿಯೂ ಇಲ್ಲ. ಗೋಡೆಯ ಮೇಲೆ ದೊಡ್ಡ ಪರದೆ. ಇಲಾಖೆಯ ಹೊಸ ಯೋಜನೆಯ ಅಧಿಕಾರಿ ನನ್ನ ಬೂಟು ನೋಡಿ ನಕ್ಕರು. “ಇದು ಬೇರೆ ಎ.ಐ. ಮೇಡಂ. ಕೃತಕ ಬುದ್ಧಿಮತ್ತೆ.”

ಅವರು ಹೇಳಿದ್ದು ಇಷ್ಟು. ಆಕಳಿನ ಫೋಟೋ ತೆಗೆದರೆ ಫೋನಿನ ಆ್ಯಪ್ ಅದರ ತಳಿ ಹೇಳುತ್ತದೆ. ಅದರ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲಿ ವಂಶವಾಹಿಗಳನ್ನು ಓದುತ್ತಾರೆ. ಎರಡನ್ನೂ ಕೂಡಿಸಿ ಕಂಪ್ಯೂಟರು ಯಾವ ಆಕಳಿಗೆ ಯಾವ ಹೋರಿ ತಕ್ಕದ್ದು ಅಂತ ಆರಿಸುತ್ತದೆ. ಪಟ್ಟಿಯಲ್ಲಿ ಹೆಸರು ಬಂದ ಶುದ್ಧ ದೇವಣಿ ಆಕಳುಗಳಿಗೆ, ಹೆಚ್ಚಾಗಿ ಹೆಣ್ಣು ಕರುವೇ ಹುಟ್ಟುವಂಥ ವಿಶೇಷ ಸ್ಟ್ರಾ ಸಿಗುತ್ತದೆ. ದೇವಣಿ ಅಂದರೆ ನಮ್ಮ ಸೀಮೆಯದೇ ತಳಿ. ಅದು ಉಳಿಯಬೇಕು ಅಂತ ನನಗೂ ಆಸೆ. ಕೇಳಿದಾಗ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ?

ಆ ಖುಷಿ ಎಂಟು ದಿನ ಬಾಳಲಿಲ್ಲ.

ಔರಾದಿನಿಂದ ಒಳಗಿರುವ ಒಂದು ಊರಿನಿಂದ ಬೆಳಗ್ಗೆಯೇ ಫೋನು ಬಂತು. ಆ ಹೆಣ್ಣುಮಗಳು ನನಗೆ ಹಳೆಯ ಪರಿಚಯ. ಮನೆಯ ದನ, ಕುರಿ ಎಲ್ಲ ಅವಳ ಕೈಯಲ್ಲೇ. “ಡಾಕ್ಟರ್ ಬಾಯಿ, ಆಕಳು ಬೆದಿಗೆ ಬಂದದ, ಲಗೂ ಬರ್ರಿ” ಅಂದಳು. ನಮ್ಮ ಆಸ್ಪತ್ರೆಯಲ್ಲಿ ದನಗಳ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಚಾಚಾನನ್ನು ಕರೆದುಕೊಂಡು ಹೊರಟೆ. ಬೆದೆ ಅನ್ನುವುದು ಒಂದು ದಿನದ ಮಾತು. ಹೊತ್ತು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

ಆಕಳು ಶೇವರಾ. ದೇವಣಿಯಲ್ಲೇ ಬಿಳಿ ಮೈ ಮೇಲೆ ಅಲ್ಲಲ್ಲಿ ಕರಿ ಮಚ್ಚೆ ಇರುವುದಕ್ಕೆ ಹಾಗನ್ನುತ್ತಾರೆ. ನಾನು ಫೋಟೋ ತೆಗೆದೆ. ಆ್ಯಪ್ ಸ್ವಲ್ಪ ಹೊತ್ತು ಸುತ್ತಿ, ‘ಎಚ್.ಎಫ್. ಮಿಶ್ರತಳಿ’ ಅಂತ ತೋರಿಸಿತು. ಎಚ್.ಎಫ್. ಅಂದರೆ ಡೇರಿಗಳಲ್ಲಿ ಕಾಣುವ ಕಪ್ಪುಬಿಳುಪಿನ ವಿದೇಶಿ ಹಸು.

“ಏನಂತದ ನಿಮ್ಮ ಫೋನು?” ಅಂತ ಹೆಣ್ಣುಮಗಳು ಕೇಳಿದಳು.

“ಹೊರಗಿನ ಜಾತಿ ಕೂಡಿದ್ದು ಅಂತದ ಅಕ್ಕಾ.”

“ನಮ್ಮ ಆಕಳಿಗೇನ್ರಿ? ನಮ್ಮತ್ತಿ ತವರಮನಿಯಿಂದ ಹೊಡ್ಕೊಂಡು ಬಂದ ಆಕಳಿನ ಬಳ್ಳಿ ಇದು. ಹಣಿ ನೋಡ್ರಿ, ಹ್ಯಾಂಗ ಉಬ್ಬ್ಯದ. ಕಿವಿ ನೋಡ್ರಿ, ಹ್ಯಾಂಗ ಜೋತು ಬಿದ್ದಾವ. ಹೊರಗಿನ ದನಕ್ಕ ಇಂಥ ಡುಬ್ಬ ಇರ್ತದೇನ್ರಿ?”

ನನಗೆ ಕಾಣುತ್ತಿಲ್ಲವೇ? ಆದರೆ ಆ್ಯಪ್‌ಗೆ ಕಾಣಬೇಕಲ್ಲ. ಚಾಚಾ ಕಣ್ಣು ಕಿರಿದು ಮಾಡಿ ಫೋನನ್ನು ನೋಡಿ, “ಕ್ಯಾ ಬಾಯಿ, ಫೋನ್ ಕು ಆಂಖಾಂ ನೈ ಕ್ಯಾ?” ಅಂದ. ಫೋನಿಗೆ ಕಣ್ಣಿಲ್ಲವೇನು ಅಂತ.

ಅಧಿಕಾರಿಗೆ ಫೋನು ಮಾಡಿದೆ.

“ಬೆಳಕು ಸರಿ ಇರಲ್ಲ ಮೇಡಂ, ಇನ್ನೊಂದ್ಸಲ ತೆಗೀರಿ.”

“ಏಳು ಸಲ ತಗದೀನಿ ಸರ್.”

“ಹಿಂದುಗಡೆ ಖಾಲಿ ಇರ್ಬೇಕು. ಒಂದು ಬಟ್ಟೆ ಕಟ್ಟಿ ನೋಡಿ.”

ಹೆಣ್ಣುಮಗಳು ಒಳಗೆ ಹೋಗಿ ಚಾದರ ತಂದಳು. ಒಂದು ತುದಿ ಬೇವಿನ ಕೊಂಬೆಗೆ ಕಟ್ಟಿದೆವು, ಇನ್ನೊಂದು ತುದಿ ಚಾಚಾ ಹಿಡಿದು ನಿಂತ. ಬೆದೆಗೆ ಬಂದ ಆಕಳು ನಿಂತಲ್ಲಿ ನಿಲ್ಲುತ್ತದೆಯೇ? ಒದರಿತು, ತಿರುಗಿತು, ಚಾದರಕ್ಕೆ ಕೊಂಬು ಸಿಕ್ಕಿಸಿಕೊಂಡಿತು. ಓಣಿಯ ಜನ ನೋಡಲು ಬಂದು ನಿಂತರು. ಹನ್ನೊಂದನೇ ಫೋಟೋಕ್ಕೆ ಆ್ಯಪ್ ಹೇಳಿತು: ‘ಆಕಳು ಕಾಣಿಸುತ್ತಿಲ್ಲ.’

ಫೋನನ್ನು ಬಾವಿಗೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಸ್ಟ್ರಾಗಳ ಡಬ್ಬಿ ತೆಗೆದು, ವಿಶೇಷ ಸ್ಟ್ರಾವನ್ನು ಮುಟ್ಟದೆ, ನನ್ನ ಹತ್ತಿರವಿದ್ದ ಸಾಮಾನ್ಯ ದೇವಣಿ ಹೋರಿಯ ಸ್ಟ್ರಾವನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಆಕಳಿಗೆ ಹಾಕಿಬಿಟ್ಟೆ. ರಕ್ತದ ಮಾದರಿಯನ್ನೂ ತೆಗೆದುಕೊಂಡೆ, ಹಾಕಿದ ಸ್ಟ್ರಾವನ್ನು ಆ್ಯಪ್‌ನಲ್ಲಿ ದಾಖಲಿಸಿದೆ. ಒಂದು ವಾರದಲ್ಲಿ ನನಗೆ ನೋಟಿಸು ಬಂತು. ಆ್ಯಪ್ ಮಿಶ್ರತಳಿ ಅಂದ ಆಕಳಿಗೆ ದೇವಣಿ ಸ್ಟ್ರಾ ಯಾಕೆ ಹಾಕಿದಿರಿ, ವಿವರಣೆ ಕೊಡಿ. ‘ಆಕಳು ನಿಮ್ಮ ಆ್ಯಪ್‌ಗಾಗಿ ಕಾಯುವುದಿಲ್ಲ’ ಅಂತ ಬರೆದೆ. ಜೊತೆಯವರು ಓದಿ, ನೌಕರಿ ಬೇಡವಾಗಿದೆಯೇ ಅಂತ ಆ ಸಾಲು ಹೊಡೆದುಹಾಕಿಸಿದರು.

ರಕ್ತದ ಫಲಿತಾಂಶ ಬರಲು ತಿಂಗಳ ಮೇಲಾಯಿತು. ಬಂತು: ಶುದ್ಧ ದೇವಣಿ. ನಾನು ಗೆದ್ದೆ ಅಂದುಕೊಂಡೆ. ಎಲ್ಲಿಯ ಗೆಲುವು? ಫೋಟೋ ಒಂದು ಹೇಳುತ್ತಿದೆ, ರಕ್ತ ಇನ್ನೊಂದು ಹೇಳುತ್ತಿದೆ, ಎರಡೂ ತಾಳೆಯಾಗದ ಕಾರಣ ಆಕಳನ್ನು ಪಟ್ಟಿಗೆ ಸೇರಿಸಲಾಗುವುದಿಲ್ಲವಂತೆ. ‘ತಾಳೆಯಾಗುವವರೆಗೆ ಮತ್ತೆ ಫೋಟೋ ತೆಗೆಯಿರಿ’ ಅಂತ ಉತ್ತರ. ರಕ್ತ ನಿಜ ಹೇಳಿದ ಮೇಲೂ ಫೋಟೋದ ಕೈಕಾಲು ಹಿಡಿಯಬೇಕೇ? ಆ ವಾರ ಎದುರು ಬಂದವರ ಮೇಲೆಲ್ಲ ಹರಿಹಾಯ್ದೆ. ಮನೆಯಲ್ಲಿ ಅನ್ನ ಬಡಿಸುವಾಗಲೂ ನನ್ನ ಬಾಯಲ್ಲಿ ಅದೇ.

ಕೊನೆಗೆ ಪ್ರಯೋಗಾಲಯದಿಂದ ಒಬ್ಬ ಹುಡುಗಿ ತಾನಾಗಿಯೇ ಫೋನು ಮಾಡಿದಳು. ವಂಶವಾಹಿ ಓದುವವಳು ಅವಳು, ನಮ್ಮ ಕಡೆಯ ಮಾತೇ. “ತಪ್ಪು ನಮ್ಮದ್ರಿ ಮೇಡಂ. ಆ್ಯಪ್‌ಗೆ ಕಲಿಸುವಾಗ ಕೊಟ್ಟ ದೇವಣಿ ಫೋಟೋ ಬಹಳಷ್ಟು ಬಿಳಿ ಆಕಳದ್ದೇ ಇದ್ದಾವ. ಕರಿ ಮಚ್ಚಿ ಇದ್ದದ್ದೆಲ್ಲ ಎಚ್.ಎಫ್. ಅಂತ ಕಲ್ತುಬಿಟ್ಟದ.”

“ಶೇವರಾ ಅಂತ ಒಂದದ ಅಂಬೋದು ನಿಮಗ ಯಾರೂ ಹೇಳ್ಲಿಲ್ಲೇನವ್ವಾ?”

“ಯಾರಿಗೂ ಕೇಳೇ ಇಲ್ಲ ಕಾಣಸ್ತದ್ರಿ” ಅಂದಳು.

ಅವಳ ಪ್ರಾಮಾಣಿಕತೆಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಎರಡು ಭಾನುವಾರ ಔರಾದಿನ ಊರೂರು ತಿರುಗಿ ಮಚ್ಚೆ ಆಕಳುಗಳ ಫೋಟೋ ತೆಗೆದು ಕಳಿಸಿದೆ. ಇದು ದೇವಣಿ ಅಂತ ಹೇಗೆ ಗುರುತಿಸುತ್ತೀರಿ ಅಂತ ಅವಳು ಕೇಳಿದಾಗ ಕಿವಿ, ಹಣೆ, ಗಂಗೆದೊಗಲು ಅಂತ ಹೇಳಿದೆ. ಇನ್ನೂ ಏನೋ ಇದೆ, ಅದನ್ನು ಮಾತಿನಲ್ಲಿ ಹೇಳಲು ಬರಲಿಲ್ಲ. ನೋಡಿದರೆ ಗೊತ್ತಾಗುತ್ತದೆ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಮಳೆಗಾಲ ಮುಗಿಯುವ ಹೊತ್ತಿಗೆ ಆ್ಯಪ್ ಸರಿಹೋಯಿತು. ಆ ಹೆಣ್ಣುಮಗಳ ಆಕಳು ಗಬ್ಬವೂ ಆಗಿತ್ತು, ಪಟ್ಟಿಯಲ್ಲೂ ಬಂತು. ಪಟ್ಟಿ ಓದುತ್ತ ಕೆಳಗೆ ಹೋದೆ, ಸಾಯಗಾಂವದ ಒಂದು ಆಕಳನ್ನು ತೆಗೆದುಹಾಕಿದ್ದರು.

ಸಾಯಗಾಂವ ಭಾಲ್ಕಿ ತಾಲ್ಲೂಕಿನದು. ಅಲ್ಲಿಯ ಪರಿವೀಕ್ಷಕರು ರಜೆಯಲ್ಲಿದ್ದಾಗ ನಾನೇ ಹೋಗಿ ಆ ಆಕಳಿನ ಮಾದರಿ ತೆಗೆದಿದ್ದೆ. ಮೈಯೆಲ್ಲ ಹಾಲಿನಂತೆ ಬಿಳಿ, ಕೆನ್ನೆ ಮಾತ್ರ ಕರಿ. ಕಣ್ಣು ಮುಚ್ಚಿಕೊಂಡು ಶುದ್ಧ ಅಂತ ಬರೆದಿದ್ದೆ. ಆ್ಯಪ್ ಕೂಡ ಶುದ್ಧ ಅಂದಿತ್ತು. ರಕ್ತ ಮಾತ್ರ ಕಾಲು ಪಾಲು ಎಚ್.ಎಫ್. ಅನ್ನುತ್ತಿತ್ತು.

ಹುಡುಗಿಗೆ ಫೋನು ಹಚ್ಚಿ ಜೋರು ಮಾಡಿದೆ. “ಆವತ್ತು ಫೋಟೋ ತಪ್ಪಿತು, ಇವತ್ತು ನಿಮ್ಮ ರಕ್ತ ತಪ್ಪ್ಯದ ನೋಡ್ರಿ.”

“ಎರಡು ಸಲ ನೋಡೀನ್ರಿ ಮೇಡಂ, ಸರಿ ಅದ. ಇದರ ಅಜ್ಜಿಗಿ ಯಾವ ಸ್ಟ್ರಾ ಹಾಕಿದ್ರು ಅಂತ ಮಾಲಕರಿಗಿ ಕೇಳಿ ಹೇಳ್ತೀರೇನು?”

ಮಾಲಕರಿಗೆ ಕೇಳುವುದು ಬೇಕಿರಲಿಲ್ಲ. ಫೋನು ಕೈಯಲ್ಲೇ ಇತ್ತು, ನನಗೆ ನೆನಪಾಯಿತು.

ನೌಕರಿಗೆ ಸೇರಿದ ಹೊಸತು. ಹಾಲು ಹೆಚ್ಚಾಗಬೇಕು, ಎಚ್.ಎಫ್. ಸ್ಟ್ರಾ ಇಷ್ಟು ಖರ್ಚಾಗಲೇಬೇಕು ಅಂತ ಮೇಲಿನವರು ಅನ್ನುತ್ತಿದ್ದ ಕಾಲ. ಆ ಆಕಳಿನ ಮಾಲಕ, ಸಾಯಗಾಂವದ ಕಾಕಾ, ಆಗಲೇ ನಡುವಯಸ್ಸು ದಾಟಿದ್ದರು. ‘ದೇವಣಿನೇ ಹಾಕವ್ವಾ’ ಅಂತ ಎರಡು ಸಲ ಹೇಳಿದ್ದರು. ನನ್ನ ಡಬ್ಬಿಯಲ್ಲಿ ದೇವಣಿ ಇರಲಿಲ್ಲ. ಇಲ್ಲ ಅಂದರೆ ನಾಳೆ ಬಾ ಅನ್ನುತ್ತಾರೆ, ಬಸ್ಸಿನಲ್ಲಿ ಮತ್ತೆ ಬರಬೇಕು. ಹ್ಞೂಂ ಅಂದೆ, ಎಚ್.ಎಫ್. ಹಾಕಿ ಕೈ ತೊಳೆದುಕೊಂಡೆ. ಕರು ಹುಟ್ಟುವಷ್ಟರಲ್ಲಿ ಔರಾದಿಗೆ ವರ್ಗವಾಗಿತ್ತು. ಅದನ್ನು ಮರೆತೇ ಬಿಟ್ಟಿದ್ದೆ.

ಎರಡು ದಿನ ಯಾರ ಮೇಲೂ ಸಿಟ್ಟು ಮಾಡಲು ಬರಲಿಲ್ಲ. ಅದೇ ದೊಡ್ಡ ಕಿರಿಕಿರಿ. ಮೂರನೇ ದಿನ ಸಾಯಗಾಂವಕ್ಕೆ ಹೋದೆ. ಕಾಕಾ ಈಗ ಕೋಲು ಹಿಡಿದೇ ನಡೆಯುವವರು, ಕೊಟ್ಟಿಗೆಯ ಮುಂದೆ ಜೋಳದ ಕಣಕಿ ಕತ್ತರಿಸುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಕುಡುಗೋಲು ಕೆಳಗಿಟ್ಟರು. “ಗೊತ್ತಿತ್ತವ್ವಾ. ಕರು ಕರ್ರಗ ಹುಟ್ಟಿದಾಗೇ ಗೊತ್ತಾತು. ಆ ಕರಿ ಪಡ್ಡಿ ಹೊಟ್ಟ್ಯಾಗೇ ಇದು ಹುಟ್ಟಿದ್ದು.”

“ಮತ್ತ ಯಾಕ ಕೇಳ್ಲಿಲ್ಲ ಕಾಕಾ?”

“ಯಾರಿಗಿ ಕೇಳ್ಲಿ? ನೀ ಔರಾದಕ್ಕ ಹೋಗಿದ್ದಿ.” ಕತ್ತರಿಸಿದ ಕಣಕಿಯನ್ನು ಬದಿಗೆ ಸರಿಸುತ್ತ ಅಂದರು, “ಹಾಲು ಚಲೋನೇ ಕೊಟ್ಟಿತು. ಅದ್ಕ ನಾ ಬ್ಯಾಡ ಅನ್ನಲ್ಲ. ಆದರ ಈಗ ಪಟ್ಟಿದಾಗಿಂದ ನನಗ ಯಾಕ ತಗದ್ರಿ? ಇದರಾಗ ನಂದೇನು ತಪ್ಪದ?”

ಅವರದೇನೂ ತಪ್ಪಿರಲಿಲ್ಲ. ಮುಂದಿನ ತಲೆಮಾರುಗಳಿಗೂ ದೇವಣಿ ಸ್ಟ್ರಾವನ್ನೇ ಹಾಕುತ್ತ ಹೋದರೆ ವಿದೇಶಿ ರಕ್ತ ಇಳಿಯುತ್ತ ಹೋಗುತ್ತದೆ, ಹಾಗಾಗಿ ಈ ಆಕಳನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ ಅಂತ ನಾನೇ ಪತ್ರ ಬರೆದೆ. ಆ ಸ್ಟ್ರಾ ಹಾಕಿದವಳು ನಾನು ಅಂತಲೂ ಬರೆದೆ. ಪತ್ರ ನಡೆಯುವುದಿಲ್ಲ, ಆ್ಯಪ್‌ನಲ್ಲೇ ಅರ್ಜಿ ಹಾಕಿ ಅಂದರು. ಆ್ಯಪ್ ತೆರೆದರೆ ಕಾರಣ ಆರಿಸಲು ಮೂರೇ ಇದ್ದವು: ಫೋಟೋ ತಪ್ಪು, ಮಾದರಿ ತಪ್ಪು, ಮಾಲಕರ ಮಾಹಿತಿ ತಪ್ಪು. ಸಿಬ್ಬಂದಿಯ ತಪ್ಪು ಅಂತ ಇರಲೇ ಇಲ್ಲ. ಯಾವುದನ್ನು ಒತ್ತಲಿ? ಹುಡುಗಿಗೆ ಹೇಳಿದೆ. ಅದನ್ನೂ ಒಂದು ಕಾರಣವಾಗಿ ಆ್ಯಪ್‌ಗೆ ಸೇರಿಸಲು ಕೇಳುತ್ತೇನೆ ಅಂದಿದ್ದಾಳೆ. ಇನ್ನೂ ಆಗಿಲ್ಲ.

ಹೋದ ತಿಂಗಳು ಕಾಕಾನ ಆಕಳು ಬೆದೆಗೆ ಬಂತು. ಭಾಲ್ಕಿಯವರಿಗೆ ಹೇಳಿ ನಾನೇ ಹೋದೆ. ವಿಶೇಷ ಸ್ಟ್ರಾ ಇರಲಿಲ್ಲ, ಸಾಮಾನ್ಯ ದೇವಣಿಯದೇ ಇತ್ತು. ಡಬ್ಬಿಯಿಂದ ತೆಗೆದಾಗ ಕಾಕಾ ಬಾಲ ಹಿಡಿದುಕೊಂಡು ನಿಂತಿದ್ದರು. “ಯಾವುದವ್ವಾ ಇದು?” ಅಂದರು. ಬೈಗುಳವಿರಲಿಲ್ಲ ಆ ಮಾತಿನಲ್ಲಿ, ಆದರೂ ನನ್ನ ಮುಖ ಬಿಸಿಯಾಯಿತು. ಸ್ಟ್ರಾದ ಮೇಲಿನ ಸಣ್ಣ ಅಕ್ಷರಗಳನ್ನು ಅವರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದೆ. ಅವರು ಕಿವಿ ಮುಂದೆ ಮಾಡಿದರು. ಮತ್ತೊಮ್ಮೆ ಓದಿದೆ. “ಹಾಂ, ಹಾಕು” ಅಂದರು.