ನೀಲವ್ವನ ಕೈ ನೋಡಿ ಇಂಗ್ಲಿಷ್ ಕಲಿತದ್ದು

ಆಗೆಲ್ಲ ನಮ್ಮ ಊರಿನ ಮಕ್ಕಳಿಗೆ ಇಂಗ್ಲಿಷ್ ಎಂದರೆ ಮಧ್ಯಾಹ್ನದ ಊಟವಾದ ಮೇಲೆ ಬರುವ ನಿದ್ದೆ. ಇಂಡಿ ಪಟ್ಟಣದಿಂದ ಟೆಂಪೋದಲ್ಲಿ ಬಂದು ಇಂಗ್ಲಿಷ್ ಕಲಿಸುತ್ತಿದ್ದ ಹೊಸ ಅಕ್ಕೋರು ಆ ನಿದ್ದೆಯನ್ನು ಓಡಿಸಿಬಿಟ್ಟರು. ನಾವಾಗ ಎಂಟನೇ ಇಯತ್ತೆ.

ಆ ಚಳಿಗಾಲ ಅವರು ಮಸ್ಟ್, ಮೈಟ್, ಕಾಂಟ್ ಎಂಬ ಪದಗಳನ್ನು ಹಿಡಿದುಕೊಂಡು ಬಂದರು. ಪುಸ್ತಕ ತೆರೆಯಲೇ ಇಲ್ಲ. ಒಬ್ಬರನ್ನು ಮುಂದೆ ನಿಲ್ಲಿಸುವುದು, ಬೆಳಗ್ಗಿನಿಂದ ಅವರು ಏನು ಮಾಡಿ ಬಂದಿದ್ದಾರೆಂದು ಉಳಿದವರು ನೋಡಿ, ಮೂಸಿ ಊಹಿಸುವುದು. ಖಾತ್ರಿಯಿದ್ದರೆ ಮಸ್ಟ್, ಇರಬಹುದು ಎನಿಸಿದರೆ ಮೈಟ್, ಸಾಧ್ಯವೇ ಇಲ್ಲವೆಂದರೆ ಕಾಂಟ್. ಮೊಣಕೈ ಮುಳ್ಳಿಗೆ ತರಚಿದ್ದರೆ ನಿಂಬೆಹಣ್ಣು ಹರಿಯಲು ತೋಟಕ್ಕೆ ಹೋಗಿದ್ದಾಳೆ, ಮಸ್ಟ್. ಬಾಯಿ ಬೆಳ್ಳುಳ್ಳಿ ನಾರಿದರೆ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದಿದ್ದಾಳೆ, ಅದೂ ಮಸ್ಟ್. ನನ್ನ ಪಾಳಿ ಬಂದಾಗ "ಇಕಿ ಜಳಕಾ ಮಾಡಿರಾಕ ಸಾಧ್ಯನ ಇಲ್ರಿ, ಕಾಂಟ್!" ಎಂದು ಕೂಗಿದವಳು ನನ್ನ ಜೀವದ ಗೆಳತಿ ನೀಲವ್ವ. ಎಷ್ಟು ಸಿಟ್ಟು ಬಂದಿತ್ತು ನನಗೆ! ನಿಜ ಹೇಳಿದ್ದಳಲ್ಲ, ಅದಕ್ಕೆ.

ಒಂದು ದಿನ ನೀಲವ್ವನ ಪಾಳಿ. ಕೈ ತುಂಬ ಹೊಸ ಹಸಿರು ಬಳೆ, ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಹೆರಳು, ಉಗುರಿಗೆ ಬಣ್ಣ ಬೇರೆ.

"ಇವರ ಮನ್ಯಾಗ ಸಕ್ಕರಿ ಕಾರ್ಯ ಐತ್ರಿ, ಮಸ್ಟ್!" ಎಂದು ನಾನೇ ಮೊದಲು ಕೂಗಿದೆ. ಹೆಣ್ಣು ಗೊತ್ತಾದಾಗ ಬೀಗರು ಬಂದು ಅವಳ ಬಾಯಿಗೆ ಸಕ್ಕರೆ ಹಾಕುವ ನಿಶ್ಚಯದ ದಿನ ಅದು. ನಮಗಂತೂ ಹೋಳಿಗೆಯ ದಿನ.

"ಹೌದ್ರಿ, ಐತವಾರ ಬೀಗರು ಬರ್ತಾರಂತ," ಎಂದು ನೀಲವ್ವ ಹಲ್ಲು ಬಿಟ್ಟಳು.

"ಯಾರದವಾ?" ಅಕ್ಕೋರು ಕೇಳಿದರು.

"ಯಾರೂ ಹೇಳಿಲ್ರಿ. ನಮ್ಮ ಅತ್ತಿದು ಇರಬಹುದು, ಮೈಟ್."

ಹಿಂದಿನ ಸಾಲಿನಿಂದ ಯಾರೋ, "ಅವರತ್ತಿದು ಹ್ವಾದ ವರ್ಷನ ಲಗ್ನಾತಲ್ರಿ, ಕಾಂಟ್!" ಎಂದರು. ಹಾಗಾದರೆ ಅಕ್ಕನದೋ? ಅವಳಿಗೆ ಅಕ್ಕ ತಂಗಿ ಯಾರೂ ಇರಲಿಲ್ಲ. ನಗು ನಿಂತುಹೋಯಿತು. ನೀಲವ್ವ ತನ್ನ ಕೈಗಳನ್ನೇ ನೋಡಿಕೊಂಡಳು.

"ನಂದ ಏನ್ರಿ, ಅಕ್ಕೋರ?"

ಅವಳಿಗೆ ಆಗಿನ್ನೂ ಹದಿಮೂರು.

ಸಾಲಿ ಬಿಟ್ಟೊಡನೆ ಅಕ್ಕೋರು ನಮ್ಮಿಬ್ಬರನ್ನೂ ಕರೆದುಕೊಂಡು ಸೀದಾ ನೀಲವ್ವನ ಮನೆಗೆ ನಡೆದರು. ನಾನು ಕಾಕಾ ಎನ್ನುತ್ತಿದ್ದ ಅವಳಪ್ಪ ಅಂಗಳದಲ್ಲಿ ನಿಂಬೆಹಣ್ಣನ್ನು ಚೀಲಕ್ಕೆ ತುಂಬುತ್ತಿದ್ದ. ಒಳಗೆ ಅವಳವ್ವ ರೊಟ್ಟಿ ಬಡಿಯುವ ಸದ್ದು.

"ಇದು ಕಾಯ್ದೆಗೂ ತಪ್ಪು, ಕೂಸಿಗೂ ತಪ್ಪು," ಎಂದರು ಅಕ್ಕೋರು.

"ಈಗ ಬರೇ ಸಕ್ಕರಿ ಅಷ್ಟ ರೀ, ಲಗ್ನ ಆಮ್ಯಾಲ. ಸಿಂದಗಿ ಬೀಗರಿಗೆ ಮಾತು ಕೊಟ್ಟೇನಿ. ಈಗ ಹೆಂಗ ಮುರೀಲಿ? ಮಂದಿ ಏನಂದಾರು?"

ರೊಟ್ಟಿಯ ಸದ್ದು ನಿಂತಿತು. ಅವಳವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ನನ್ನ ಕೊಡೂವಾಗ ನನ್ನ ಯಾರೂ ಕೇಳಲಿಲ್ಲ. ಇಕಿನ್ನರೆ ಒಂದ ಸಲ ಕೇಳ್ರಿ."

ಅವಳು ಗಂಡನ ಎದುರಿಗೆ ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಕಾಕಾನೂ ಕಂಡಿರಲಿಕ್ಕಿಲ್ಲ. ಕೈಲಿದ್ದ ನಿಂಬೆಹಣ್ಣನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದ.

"ಏನಂತೀಯವಾ?"

"ಒಲ್ಲೆಪ್ಪಾ. ನಾ ಸಾಲಿ ಕಲೀತೇನಿ."

ಕಾಕಾ ಚೀಲದ ಬಾಯಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಮರುದಿನ ಮೊದಲ ಬಸ್ಸಿಗೆ ಸಿಂದಗಿಗೆ ಹೋಗಿ, ಬೀಗರ ಕೈಲಿ ಬಾಯಿಗೆ ಬಂದಂತೆ ಬೈಸಿಕೊಂಡು, ಮಾತು ಮುರಿದು ಬಂದ. ಊರಿನ ಕಟ್ಟೆಯ ಮೇಲೆ ಮಂದಿ ಅವನನ್ನು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವರ ಗಂಟೇನು ಹೋಗುತ್ತದೆ!

ಮುಂದೆ ಅಕ್ಕೋರಿಗೆ ನಾಲತವಾಡದ ಕಡೆಗೆ ವರ್ಗವಾಯಿತು. ಆ ಆಟವೂ ಅವರ ಜೊತೆಗೇ ಹೋಯಿತು. ಈಗ ನನ್ನ ಮಗ ಉತ್ತರವನ್ನೆಲ್ಲ ಫೋನಿನಲ್ಲಿ ಹುಡುಕುತ್ತಾನೆ. ಪಕ್ಕದಲ್ಲಿ ಕೂತವನ ಮುಖ ನೋಡಿ ಊಹಿಸುವ ಪುರುಸೊತ್ತು ಅವನಿಗಿಲ್ಲ. ಅದು ನನಗೆ ನಿಜಕ್ಕೂ ಸಂಕಟ. ನೀಲವ್ವ ಕಲಿತಳು, ಮುದ್ದೇಬಿಹಾಳದ ದವಾಖಾನೆಯಲ್ಲಿ ನರ್ಸ್ ಆದಳು. ಅದನ್ನು ನೋಡಲು ಅವಳವ್ವ ಇರಲಿಲ್ಲ. ಆ ತಾಯಿಯನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ನೌಕರಿ ಸಿಕ್ಕ ಮೇಲೆ ಬಸವನ ಬಾಗೇವಾಡಿಯಿಂದ ಗಂಡಿನ ಕಡೆಯವರು ನೀಲವ್ವನನ್ನು ನೋಡಲು ಬಂದರು. ಅಂದು ನಾನೂ ಅಲ್ಲಿದ್ದೆ. ಬೀಗರು ಚಹಾ ಕುಡಿಯುತ್ತ ಕೂತಿರುವಾಗಲೇ ಕಾಕಾ ಎಲ್ಲರ ಎದುರಿಗೆ ಮಗಳನ್ನು ಕೇಳಿದ: "ಮನಸ ಐತೋ ಇಲ್ಲೋ ಹೇಳವಾ. ಒಲ್ಲೆ ಅನ್ನೂದಿದ್ರ ಅಂಜಬ್ಯಾಡ, ಬೈಸ್ಕೊಳ್ಳಾಕ ನಾ ಇದ್ದೇನಿ."