ಎದುರಿನ ತಗ್ಗು ಮನೆ

ಕಾಕಾ ನಮ್ಮ ಮನೆಗೆ ಬಂದು ಹೋದರೆ ನೆಲದ ಮೇಲೆ ಬಿಳಿ ಹೆಜ್ಜೆ ಉಳಿಯುತ್ತಿತ್ತು. ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಹೊಕ್ಕು ಕೂತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ವಿಜಯಪುರದ ಕಡೆಯಿಂದ ಈ ಮಹಾನಗರಕ್ಕೆ ಬಂದ, ಮನೆ ಕಟ್ಟುವ ಗೌಂಡಿ. ಆಂಟಾಪ್ ಹಿಲ್‌ನ ನಮ್ಮ ಗಲ್ಲಿಯಲ್ಲಿ ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರು. ಮಹಾ ಸಿಡುಕ. ಚಹಾ ತಣ್ಣಗಿದ್ದರೆ ಕಪ್ಪನ್ನೇ ದಿಟ್ಟಿಸಿ ಬೈಯುತ್ತಿದ್ದರು.

ಗಲ್ಲಿಯ ಹಿಂದೆ ಮೊದಲು ಸಮುದ್ರದ ನೀರು ಬಂದು ಹೋಗುವ ಖಾಡಿಯ ಕೆಸರು, ಅದರಲ್ಲಿ ಬೇರೂರಿದ ಕಾಂಡ್ಲಾ ಗಿಡ, ಬೆಳ್ಳಕ್ಕಿ ಎಲ್ಲ ಇದ್ದವಂತೆ. ನಾನು ನೋಡುವ ಹೊತ್ತಿಗೆ ಒಂದು ಅಗಲವಾದ ನಾಲಾ ಉಳಿದಿತ್ತು. ಮಂದಿ ಬಂದಂತೆಲ್ಲ ಹಳೆಯ ಬಿಲ್ಡಿಂಗ್ ಒಡೆದ ಕಲ್ಲುಮಣ್ಣನ್ನು ಅದಕ್ಕೆ ಸುರಿದು, ಮೇಲೆ ಒಂದೊಂದೇ ಕೋಣೆಯ ಖೋಲಿ ಕಟ್ಟಿದರು. ಅವುಗಳಲ್ಲಿ ಎಷ್ಟೋ ಕಾಕಾ ಕಟ್ಟಿದ್ದೇ. "ಇಲ್ಲೆ ಮಂದಿಗೇ ಜಾಗಾ ಇಲ್ಲ, ಇನ್ನ ನೀರು ಎಲ್ಲಿ ಹೋಗಬೇಕು ಹೇಳು?" ಎನ್ನುತ್ತಲೇ ಇನ್ನೊಂದು ಬುಟ್ಟಿ ಸುರಿಯುತ್ತಿದ್ದರು.

ದಾರಿಯಿಲ್ಲದ ನೀರು ಮಳೆಗಾಲದಲ್ಲಿ ಮನೆಗೆ ನುಗ್ಗುತ್ತಿತ್ತು. ಅದಕ್ಕೆ ನಮ್ಮವರ ಉಪಾಯ ಒಂದೇ: ಬೇಸಿಗೆಯಲ್ಲಿ ನೆಲಕ್ಕೆ ಕಲ್ಲುಮಣ್ಣು ತುಂಬಿ ಎತ್ತರಿಸುವುದು. ಒಬ್ಬರು ಎತ್ತರಿಸಿದರೆ ನೀರು ಇನ್ನೊಬ್ಬರ ಹೊಸ್ತಿಲು ಹುಡುಕುತ್ತದೆ; ಮುಂದಿನ ಬೇಸಿಗೆಗೆ ಅವರೂ ಎತ್ತರಿಸುತ್ತಾರೆ. ಎಲ್ಲರ ನೆಲ ಎತ್ತಿದವರು ಕಾಕಾ. ನಮ್ಮದನ್ನಂತೂ ಎತ್ತಿ ಎತ್ತಿ, ಅಪ್ಪನ ತಲೆ ಸೂರಿನ ತಗಡಿಗೆ ತಾಗುತ್ತಿತ್ತು. ಇನ್ನು ಎತ್ತುವಂತಿರಲಿಲ್ಲ.

ತಮ್ಮ ನೆಲವನ್ನು ಮಾತ್ರ ಅವರು ಮುಟ್ಟಲಿಲ್ಲ. ಗಲ್ಲಿಯ ನೀರೆಲ್ಲ ಅಲ್ಲಿಗೇ ಇಳಿಯುತ್ತಿತ್ತು. ಗಂಡ ಹೆಂಡತಿ ಬಕೆಟ್ ಹಿಡಿದು ಅದನ್ನು ಹಿಂಬಾಗಿಲಿನಿಂದ ನಾಲಾಕ್ಕೆ ಎತ್ತಿ ಹಾಕುತ್ತಿದ್ದರು. ಬೇಸಿಗೆ ಬಂತೆಂದರೆ ಅವರ ಹೆಂಡತಿ ಕಾಕು ಜಗಳ ತೆಗೆಯುತ್ತಿದ್ದರು.

"ಊರ ಮಂದೀದೆಲ್ಲಾ ಎತ್ತಿ ಕೊಡ್ತೀರಿ. ನಮ್ಮದು ಯಾವಾಗರಿ?"

"ನಮ್ಮದು ಎತ್ತಿದ್ರ ನೀರು ಎದುರು ಮನಿ ಹೊಗತೈತಿ. ಅಲ್ಲೆ ಮುದುಕಿ ಮಲಗ್ಯಾಳ, ಏಳಾಕ ಬರೂದಿಲ್ಲ. ನಮಗ ಬರತೈತಿ."

ಆ ಮುದುಕಿ ನನ್ನ ಅಜ್ಜಿ. ಸೊಂಟ ಮುರಿದು ಗಿಡ್ಡ ಮಂಚ ಹಿಡಿದಿದ್ದ ಆಕೆಗೆ ಈ ಜಗಳ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು.

ಆಮೇಲೆ ನಾಲಾದ ಆಚೆ ಬಹುಮಹಡಿಯ ಟವರ್ ಎದ್ದಿತು. ಅದರ ಮಣ್ಣು ಬಿದ್ದು ನಾಲಾ ಗಟಾರದಷ್ಟಾಯಿತು. ಹೋದ ಮಳೆಗಾಲ, ಎತ್ತಿ ಹಾಕಿದ ನೀರೇ ತಿರುಗಿ ಬರತೊಡಗಿತು. ಕಾಕಾ ದಿನವಿಡೀ ಆ ಹೊಲಸಿನಲ್ಲಿ ನಿಂತರು, ಅದೇ ಬಿರುಕು ಕಾಲಿನಲ್ಲಿ. ಜ್ವರ ಬಂತು, ಕಣ್ಣು ಹಳದಿಯಾಯಿತು. ಕಾಲಿನ ಬಿರುಕಿನಿಂದಲೇ ರೋಗ ಹೊಕ್ಕಿದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ಹೆಣವನ್ನು ನೇರ ಊರಿಗೆ ಒಯ್ದರು. ನನಗೆ ಇಂದಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯದು.

ಕಾಕಾ ಊರಿಗೆ ಹೋಗಿದ್ದಾರೆ ಎಂದಷ್ಟೇ ಅಜ್ಜಿಗೆ ಹೇಳಿದೆವು. ಬೇಸಿಗೆಯಲ್ಲಿ ಕಾಕು ಬೇರೆ ಗೌಂಡಿಯನ್ನು ಕರೆಸಿ ತಮ್ಮ ನೆಲ ಎತ್ತಿಸಿದರು. ಬೇಡ ಎನ್ನಲು ನಮಗೆ ಬಾಯಿ ಎಲ್ಲಿತ್ತು?

ಈ ಮಳೆಗಾಲ ಒಂದು ಮಧ್ಯಾಹ್ನ ನೀರು ನಮ್ಮ ಹೊಸ್ತಿಲು ದಾಟಿತು. ಅಪ್ಪ ಮಂಚದ ಕಾಲಿಗೆ ಇಟ್ಟಿಗೆ ಕೊಡುತ್ತಿದ್ದರು. ಅಜ್ಜಿಯ ಜೋತುಬಿದ್ದ ಕೈ ನೀರಿಗೆ ತಾಗಿತು. ಆಕೆ ಅದನ್ನು ಎತ್ತಿಕೊಳ್ಳದೆ ಅಪ್ಪನ ಮುಖ ನೋಡಿ ಕೇಳಿದಳು:

"ಗೌಂಡಿ ತೀರ್ಕೊಂಡನೇನೋ?"