ಮಹಾನಂದಾಳ ಚೀಲದ ತೂಕ

ನಾನು ಎಂಟು ವರ್ಷ ಸೈಕಲ್ ತುಳಿದು ಭೂಮಿಯನ್ನು ಉಳಿಸಿದೆ. ನಗಬೇಡಿ, ಆಗ ನಾನು ಹಾಗೆಂದೇ ನಂಬಿದ್ದೆ. ಹೈದರಾಬಾದಿನ ಪಶ್ಚಿಮಕ್ಕೆ ಸಾಫ್ಟ್‌ವೇರಿನ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ತಾರ್ನಾಕದ ಓಣಿಯಲ್ಲಿ ಮನೆಗೊಂದು ಕಾರು ಬಂದು, ಹಾಲಿನ ಎಮ್ಮೆಗೂ ದಾರಿಯಿಲ್ಲದಂತಾಗಿತ್ತು. ನಾನೊಬ್ಬ ಮಾತ್ರ ಪ್ಯಾಂಟಿನ ಕಾಲಿಗೆ ಕ್ಲಿಪ್ ಸಿಕ್ಕಿಸಿಕೊಂಡು ಹತ್ತೇ ನಿಮಿಷದಲ್ಲಿ ಕಾರ್ಖಾನೆ ಸೇರುತ್ತಿದ್ದೆ. ಹೊಗೆಯಿಲ್ಲ, ಖರ್ಚಿಲ್ಲ; ಮೇಲಾಗಿ ಕಂಡವರಿಗೆಲ್ಲ ಉಪದೇಶ ಮಾಡುವ ಹಕ್ಕು ಪುಕ್ಕಟೆ ಸಿಗುತ್ತಿತ್ತು.

ತಮಾಷೆಯೆಂದರೆ, ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ರಾಕೆಟ್ಟಿನ ಬಿಡಿಭಾಗಗಳು. ಒಂದೇ ಸಲ ಓಡಿಸಿ ಸಮುದ್ರಕ್ಕೆ ಬೀಳಿಸುವ ವಾಹನಕ್ಕೆ ಹಗಲೆಲ್ಲ ದುಡಿದು, ಸಂಜೆ ಪಕ್ಕದ ಮನೆಯವರ ಕಾರಿನ ಹೊಗೆಗೆ ಮೂಗು ಮುರಿಯುತ್ತಿದ್ದೆ. ನನ್ನ ಕೆಲಸ ತೂಕ ನೋಡುವುದು. ರಾಕೆಟ್ಟಿನ ಸಂಕಟವೇ ತೂಕ. ಸಾಮಾನು ಮೇಲಕ್ಕೆ ಒಯ್ಯಲು ಇಂಧನ ಬೇಕು, ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಬೇಕು. ಹೊರಡುವಾಗ ಅದರ ಒಡಲಲ್ಲಿರುವುದು ಬಹುಪಾಲು ಇಂಧನವೇ. ಅದಕ್ಕೇ ನಾವು ಒಂದು ಸಣ್ಣ ತುಂಡು ಕೈಗೆ ಬಂದರೂ ತೂಗಿ, ತೂತು ಕೊರೆದು, ಮತ್ತೆ ತೂಗುತ್ತಿದ್ದೆವು. ಈ ಚಟ ಮನೆಗೂ ಬಂತು. ಕಾಚಿಗೂಡ ಸ್ಟೇಶನ್ನಿನಲ್ಲಿ ಊರಿನಿಂದ ಬಂದಿಳಿದ ಬೀಗರ ಕೈಯಲ್ಲಿ ಜೋಳದ ರೊಟ್ಟಿಯ ಗಂಟು ಕಂಡರೆ ಬೇರೆಯವರ ಬಾಯಲ್ಲಿ ನೀರೂರುತ್ತಿತ್ತು. ನಾನು ಮಾತ್ರ ಅದರಲ್ಲಿ ಎಷ್ಟು ಕಡಿಮೆ ಮಾಡಬಹುದಿತ್ತೆಂದು ಯೋಚಿಸುತ್ತಿದ್ದೆ.

ನನ್ನ ಹೆಂಡತಿ ಮಹಾನಂದಾ ಕೂಕಟ್‌ಪಲ್ಲಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಹೋಗಲು ಎರಡು ಬಸ್ಸು, ಎರಡು ತಾಸು. ಬರಲು ಮತ್ತೆ ಅಷ್ಟೇ. ಗಣಿತ ಕಲಿಸುವುದೆಂದರೆ ಅವಳಿಗೆ ಜೀವ. ಅಂಥವಳು ಒಂದು ಶನಿವಾರ ಸಂಜೆ ಚಪ್ಪಲಿ ಕೂಡ ಬಿಡದೆ ಬಾಗಿಲ ಬಳಿಯೇ ಕುಸಿದು ಕೂತಳು.

"ಸಾಕಾತ್ರಿ. ಒಂದು ಹಳೇ ಕಾರರ ತಗೊಳ್ಳೂಣು, ನಾ ಹೊಡಿಯೋದು ಕಲೀತೀನಿ. ಇಲ್ಲಂದ್ರ ಈ ವರ್ಷಕ್ಕ ನೌಕರಿ ಬಿಡ್ತೀನಿ."

ನಾನು ಸುಮ್ಮನಿರುವ ಆಸಾಮಿಯೇ? "ಐವತ್ತು ಕಿಲೋ ಟೀಚರ್‌ನ ಒಯ್ಯಾಕ ಎಂಟ್ನೂರು ಕಿಲೋ ಕಬ್ಬಿಣ ಬೇಕೇನ?" ಎಂದು ಶುರುಮಾಡಿ ಪೆಟ್ರೋಲು, ಹೊಗೆ, ಮೊಮ್ಮಕ್ಕಳ ಕಾಲದ ಗಾಳಿ ಎಲ್ಲವನ್ನೂ ಎಳೆದು ತಂದೆ. ಅವಳು ಪೂರಾ ಕೇಳಿಸಿಕೊಂಡು, "ನಿಮ್ಮ ರಾಕೆಟ್ ಒಮ್ಮೆ ಹೋದ್ರ ತಿರುಗಿ ಬರಂಗಿಲ್ರಿ. ನನಗ ದಿನಾ ತಿರುಗಿ ಬರೋದೈತಿ" ಎಂದು ಎದ್ದು ಒಳಗೆ ಹೋದಳು.

ಮಾತು ತಾಕಿತು, ಆದರೆ ಬೇರೆ ಜಾಗಕ್ಕೆ ತಾಕಿತು. ಈ ದಣಿವಿಗೆ ಕಾರಣ ಚೀಲದ ಭಾರವೇ ಎಂದು ನನ್ನ ವೃತ್ತಿಬುದ್ಧಿ ತೀರ್ಮಾನಿಸಿತು. ಭಾನುವಾರ ಅವಳು ತರಕಾರಿಗೆ ಹೋದಾಗ ಅವಳ ಚೀಲವನ್ನು ರದ್ದಿಯವನ ಹಾಗೆ ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿದೆ. ಎರಡನೆಯ ನೀರಿನ ಬಾಟಲಿ ತೆಗೆದೆ. ಕಡ್ಡಿ ಮುರಿದ ಛತ್ರಿ ತೆಗೆದೆ. ತಳದಲ್ಲಿ ಒಂದು ಕೌದಿಯ ತುಂಡು ಸಿಕ್ಕಿತು. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ದಪ್ಪನೆಯ ಚೌಕ. ಹೈದರಾಬಾದಿನ ಬಿಸಿಲಿಗೆ ಕೌದಿ! ನಗುತ್ತಲೇ ಕಪಾಟಿಗೆ ತಳ್ಳಿದೆ. ಚೀಲ ಅರ್ಧಕ್ಕರ್ಧ ಹಗುರಾಯಿತು. ಆ ದಿನ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಸೋಮವಾರ ಸಂಜೆ ಮಹಾನಂದಾ ಕಾಲೆಳೆಯುತ್ತ ಬಂದಳು. "ಕೌದಿ ಯಾರು ತಗದ್ರಿ?"

"ನಾನಽ. ಹಗುರ ಆತಿಲ್ಲೋ?"

"ಜಾಗಾ ಸಿಗಲಿಲ್ಲಂದ್ರ ನಾವು ಹೆಣ್ಣಮಕ್ಕಳು ಡ್ರೈವರ್ ಬಾಜೂ ಇಂಜಿನ್ ಮುಚ್ಚಳದ ಮ್ಯಾಲೆ ಕೂಡ್ತೀವ್ರಿ. ಅದು ರೊಟ್ಟಿ ಹಂಚಿನಂಗ ಕಾದಿರ್ತೈತಿ. ಕೌದಿ ಇಲ್ಲದ ಕೂಡಾಕ ಬರಂಗಿಲ್ಲ. ಇವತ್ತ ಹೋಗೂ ಮುಂದ, ಬರೂ ಮುಂದ ನಿಂತಽ ಬಂದೀನಿ."

ಅಯ್ಯೋ ನನ್ನ ಬುದ್ಧಿಯೇ! ಬಾಹ್ಯಾಕಾಶದಿಂದ ತಿರುಗಿ ಬರುವ ನೌಕೆ ಗಾಳಿಯೊಳಕ್ಕೆ ನುಗ್ಗಿದಾಗ ಅದರ ತಳ ಕೆಂಡವಾಗುತ್ತದೆ. ಒಳಗಿನವರನ್ನು ಕಾಯುವುದು ಅಡಿಯ ಶಾಖಕವಚ. ಭಾರವೆಂದು ಅದನ್ನು ಕಳಚುವವನನ್ನು ನಮ್ಮ ಕಾರ್ಖಾನೆಯ ಗೇಟಿನೊಳಗೂ ಬಿಡುತ್ತಿರಲಿಲ್ಲ. ನಾನು ಅದನ್ನೇ ಕಳಚಿ, ಇಸ್ತ್ರಿ ಬಟ್ಟೆಗಳ ಕೆಳಗೆ ಇಟ್ಟಿದ್ದೆ.

ಮರುದಿನ ರಜೆ ಹಾಕಿ ಅವಳ ಜೊತೆ ಬಸ್ಸು ಹತ್ತಿದೆ. ಅವಳು ಮುಂಬಾಗಿಲಲ್ಲಿ, ನಾನು ಹಿಂಬಾಗಿಲಲ್ಲಿ. ಕೂಕಟ್‌ಪಲ್ಲಿ ಮುಟ್ಟುವಷ್ಟರಲ್ಲಿ ನನ್ನ ಅಂಗಿ ಹಿಂಡುವಂತಾಗಿತ್ತು, ಕಾಲ ಮೇಲೆ ಯಾರ್ಯಾರೋ ನಿಂತು ಹೋಗಿದ್ದರು. ಅವಳು ಇಳಿದವಳೇ ಸೆರಗು ಸರಿಮಾಡಿಕೊಂಡು ನೇರ ತರಗತಿಗೆ ನಡೆದಳು. ನಾನು ಎದುರಿನ ಇರಾನಿ ಚಹಾ ಅಂಗಡಿಯಲ್ಲಿ ಕುಸಿದೆ. ತಾರ್ನಾಕದಲ್ಲಿ ಮನೆ ಹಿಡಿದದ್ದು ಏಕೆ? ನನ್ನ ಕಾರ್ಖಾನೆಗೆ ಹತ್ತಿರವೆಂದು. ನನ್ನ ಹತ್ತು ನಿಮಿಷದ ಸೈಕಲ್ ಇಷ್ಟು ವರ್ಷ ಓಡಿದ್ದು ಅವಳ ನಾಲ್ಕು ತಾಸಿನ ಮೇಲೆ. ನಾಚಿಕೆಯಾಯಿತು.

ಕಾರೇನೂ ಕೊಳ್ಳಲಿಲ್ಲ. ಅವಳ ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಈಗ ಅವಳಿಗೆ ಕಾಲ್ನಡಿಗೆ, ನನಗೆ ಎರಡು ಬಸ್ಸು. "ಸೈಕಲ್ ಬಿಟ್ರ ಭೂಮಿ ಗತಿ ಏನ್ರಿ?" ಎಂದು ಅಣಕಿಸಿದಳು. "ಇಷ್ಟು ವರ್ಷ ನೀ ಉಳಿಸಿದಿ. ಇನ್ನ ಮ್ಯಾಲೆ ನಾ ನೋಡ್ಕೋತೀನಿ" ಎಂದೆ. ನೌಕರಿ ಬಿಡುವ ಮಾತು ಮತ್ತೆ ಬರಲಿಲ್ಲ.

ಹೊಸ ಮನೆಯಿಂದ ಮೊದಲ ದಿನ ಬೆಳಗ್ಗೆ ಆರಕ್ಕೇ ಹೊರಟೆ. ಮಹಾನಂದಾ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು, "ಬಾಗಿಲಾ ಸಾವಕಾಶ ಹಾಕ್ರಿ, ನಿದ್ದಿ ಕೆಡ್ತೈತಿ" ಎಂದು ಗೊಣಗಿದಳು. ಚಿಲಕ ಸಪ್ಪಳವಾಗದಂತೆ ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಬಾಗಿಲೆಳೆದು, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ತಾರ್ನಾಕದ ಬಾಗಿಲು ಇದಕ್ಕಿಂತ ಹೆಚ್ಚು ಕಿರ್ರೆನ್ನುತ್ತಿತ್ತು. ಎಂಟು ವರ್ಷ ಅವಳು ಅದನ್ನು ಹಾಕಿಕೊಂಡು ಹೋಗಿದ್ದಳು. ನನಗೆ ಒಂದು ದಿನವೂ ಎಚ್ಚರವಾಗಿರಲಿಲ್ಲ.